ಹಳೇ ಮದರ್‌ಬೋರ್ಡ್‌ಗೆ ಹೊಸ ಪ್ರೊಸೆಸರ್: ಆರಿಸುವುದು, ಕೂರಿಸುವುದು, ಓವರ್‌ಕ್ಲಾಕ್ ಮಾಡುವುದು

ಆರೇಳು ವರ್ಷದ ಡೆಸ್ಕ್‌ಟಾಪ್ ನಿಧಾನವಾಯಿತು ಅಂತ ಪೂರ್ತಿ ಹೊಸದನ್ನೇ ಕೊಳ್ಳಬೇಕಿಲ್ಲ. ಒಳಗೆ ಎಎಂಡಿ ರೈಜೆನ್ ಇದ್ದರೆ ಪ್ರೊಸೆಸರ್ ಬದಲಿಸಿದರೆ ಸಾಕಾಗಬಹುದು. 2017ರ ಮೊದಲ ರೈಜೆನ್‌ನಿಂದ 5000 ಸರಣಿಯವರೆಗೂ ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಒಂದೇ, ಎಎಂ4.

ಯಾವುದನ್ನು ಕೊಳ್ಳುವುದು? ಗೇಮ್‌ಗಷ್ಟೇ ಆದರೆ 96 ಎಂಬಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ 5700ಎಕ್ಸ್3ಡಿ. ಆದರೆ ಅದರ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಲಾಕ್ ಆಗಿರುತ್ತದೆ. ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ) ಆಸೆಯೂ ಇದ್ದರೆ ನಾನು ಹೇಳುವುದು 5700ಎಕ್ಸ್. ಎಂಟು ಕೋರ್, 65 ವ್ಯಾಟ್. ಬೋರ್ಡ್ ಬಿ450 ಅಥವಾ ಬಿ550 ಮಾದರಿಯದ್ದಾದರೆ ಸರಿ; ಎ320ಯಲ್ಲಿ ಓವರ್‌ಕ್ಲಾಕ್ ಆಗುವುದಿಲ್ಲ.

ಹಳೇ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿ. ಇದನ್ನು ಮರೆತವರೇ ಜಾಸ್ತಿ. ಹಳೇ ಬಯಾಸ್‌ಗೆ ಹೊಸ ಪ್ರೊಸೆಸರ್‌ನ ಗುರುತು ಸಿಗದಿದ್ದರೆ ಪರದೆ ಕಪ್ಪಗೇ ಉಳಿಯುತ್ತದೆ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಕೆಡಬಹುದು, ಯುಪಿಎಸ್ ಇರಲಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಕೂಲರ್ ಬಿಚ್ಚುವ ಮುಂಚೆ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ. ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನಿಧಾನವಾಗಿ ಎತ್ತಿ. ಒಮ್ಮೆಗೇ ಎಳೆದರೆ ಪ್ರೊಸೆಸರೂ ಕಿತ್ತು ಬರುತ್ತದೆ. ಅದರಡಿಯ 1331 ಪಿನ್‌ಗಳಲ್ಲಿ ಒಂದು ಬಾಗಿದರೂ ಕಷ್ಟ ಅಲ್ವಾ? ಹೊಸದನ್ನು ಅದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಡಿ, ಒತ್ತಬೇಡಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು.

ಈಗ ಓವರ್‌ಕ್ಲಾಕ್. ಇದು ವಾರಂಟಿಯಲ್ಲಿ ಬರುವುದಿಲ್ಲ, ಗೊತ್ತಿರಲಿ. ವೋಲ್ಟೇಜ್ ಏರಿಸಿ ಎಲ್ಲ ಕೋರ್‌ಗಳನ್ನೂ 4.4 ಗಿಗಾಹರ್ಟ್ಸ್‌ಗೆ ಕಟ್ಟಿಹಾಕುವ ಹಳೇ ಪದ್ಧತಿ ಇಲ್ಲಿ ನಷ್ಟವೇ. ಸುಮ್ನೆ ಬಿಟ್ಟರೂ 5700ಎಕ್ಸ್‌ನ ಒಂದು ಕೋರ್ 4.6ರವರೆಗೆ ಹೋಗುತ್ತದೆ, ಕಟ್ಟಿಹಾಕಿದರೆ ಅದೂ ಹೋಯಿತು. ಬದಲಿಗೆ ವೋಲ್ಟೇಜ್ ಇಳಿಸಿ. ಬಿಸಿ ಕಡಿಮೆಯಾದಷ್ಟೂ ಪ್ರೊಸೆಸರ್ ತಾನಾಗಿಯೇ ಹೆಚ್ಚು ಹೊತ್ತು ಜೋರಾಗಿ ಓಡುತ್ತದೆ.

ಬಯಾಸ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅದರೊಳಗೆ ಕರ್ವ್ ಆಪ್ಟಿಮೈಸರ್ ತೆರೆಯಿರಿ. ಎಲ್ಲ ಕೋರ್, ನೆಗೆಟಿವ್, 10 ಎಂದು ಕೊಡಿ. ಒಂದೊಂದು ಅಂಕಿಗೂ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನಿಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ. ಸರಿಯಿದ್ದರೆ 15, ಆಮೇಲೆ 20. ಆದರೆ ಸಿನಿಬೆಂಚ್ ದಾಟಿತು ಅಂತ ನಂಬಿಬಿಡಬೇಡಿ. ಈ ಬದಲಾವಣೆಯ ದೋಷ ಎಷ್ಟೋ ಸಲ ಕಾಣುವುದು ಕೆಲಸ ಹಗುರವಿದ್ದಾಗ, ಬ್ರೌಸರ್ ತೆರೆದು ಸುಮ್ಮನಿದ್ದಾಗ. ಕೋರ್‌ಸೈಕ್ಲರ್ ಒಂದೊಂದೇ ಕೋರನ್ನು ಪರೀಕ್ಷಿಸುತ್ತದೆ, ರಾತ್ರಿಯಿಡೀ ಓಡಲಿ. ತಪ್ಪು ತೋರಿಸಿದ ಕೋರ್‌ಗೆ ಮಾತ್ರ ಐದು ಅಂಕಿ ಹಿಂದೆ ಬನ್ನಿ.

ಉಷ್ಣತೆಯ ಮಿತಿ 90 ಡಿಗ್ರಿ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್ ಮಧ್ಯಾಹ್ನ ಇನ್ನೊಮ್ಮೆ ಪರೀಕ್ಷಿಸಿ. ಡಿಸೆಂಬರಿನಲ್ಲಿ 75 ತೋರಿಸಿದ್ದು ಆಗ ಮಿತಿಯ ಹತ್ತಿರ ಬಂದಿರುತ್ತದೆ. ಕಂಪ್ಯೂಟರ್ ಏಳದೇ ಹೋದರೆ ಪ್ಲಗ್ ತೆಗೆದು, ಬೋರ್ಡ್ ಮೇಲಿನ ದುಂಡು ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ. ಸೆಟ್ಟಿಂಗ್‌ಗಳು ಮೊದಲಿನಂತಾಗುತ್ತವೆ.