ಹಳೆಯ ಫಾಕ್ಸ್‌ಪ್ರೊ, ಹೊಸ ಯಂತ್ರ, ಕನ್ನಡದ ಪಟ್ಟಿ

ದಾವಣಗೆರೆ ಎಪಿಎಂಸಿಯಲ್ಲಿ ಈ ಸಲದ ಮೆಕ್ಕೆಜೋಳದ ಹಂಗಾಮು ಮುಗಿಯಿತು. ಡಾಸ್ ಕಾಲದ ಡೇಟಾಬೇಸ್ ತಂತ್ರಾಂಶ ಫಾಕ್ಸ್‌ಪ್ರೊ 2.6ರಲ್ಲಿ ಬರೆದ, ಅಲ್ಲಿನ ಒಂದು ಅಂಗಡಿಯ ಬಿಲ್ಲಿಂಗ್ ಕೈಕೊಡಲಿಲ್ಲ. ಅದೂ 64 ಬಿಟ್ ವಿಂಡೋಸ್ 11 ಯಂತ್ರದಲ್ಲಿ, ಪಟ್ಟಿಯ (ಬಿಲ್ಲಿನ) ಮೇಲೆ ರೈತರ ಹೆಸರು ಕನ್ನಡದಲ್ಲಿ. ‘ಹೆಣಕ್ಕೆ ಶೃಂಗಾರ ಮಾಡುತ್ತಿದ್ದೀಯಲ್ಲ’ ಎಂದು ನಕ್ಕ ಬೆಂಗಳೂರಿನ ಗೆಳೆಯರು ದಯವಿಟ್ಟು ಪೂರ್ತಿ ಓದಬೇಕು.

ಅಂಗಡಿಯ ಹಳೆಯ ಎಕ್ಸ್‌ಪಿ ಯಂತ್ರದ ಮದರ್‌ಬೋರ್ಡ್ ಸುಟ್ಟಿತ್ತು. ಹೊಸ ತಂತ್ರಾಂಶಕ್ಕೆ ಒಬ್ಬರು ಎರಡೂಮುಕ್ಕಾಲು ಲಕ್ಷದ ಆಸುಪಾಸು ಕೇಳಿದ್ದರು, ವರ್ಷದ ನಿರ್ವಹಣೆ ಬೇರೆ. ಹಳೆಯ ಖಾತೆಗಳನ್ನು ಅದರೊಳಗೆ ತರುವುದಿಲ್ಲವಂತೆ! ಸಾಹುಕಾರರು ನನ್ನನ್ನು ಕರೆದು, ‘ನಮ್ಮ ಗುಮಾಸ್ತರಿಗೆ ಈ ನೀಲಿ ಪರದೆ ಕಂಠಪಾಠ ಆಗಿದೆ ಸರ್, ಅದನ್ನು ಮಾತ್ರ ಕಿತ್ತುಹಾಕಬೇಡಿ’ ಎಂದರು. ಎಲ್ಲ ಸೇರಿ ಮೂವತ್ತು ಸಾವಿರದೊಳಗೆ ಮುಗಿಸುತ್ತೇನೆ ಎಂದು ಒಪ್ಪಿಕೊಂಡೆ. ಯಂತ್ರದ ಬೆಲೆ ಅದರಲ್ಲಿಲ್ಲ.

64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಮುಟ್ಟುವುದೇ ಇಲ್ಲ ಎಂಬುದು ನಿಮಗೆ ಗೊತ್ತು. ಹಾಗಾಗಿ ಹೊಸ ಯಂತ್ರದೊಳಗೆ ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್-ಎಕ್ಸ್ ಹಾಕಿದೆ. ಸಾಮಾನ್ಯ ಡಾಸ್‌ಬಾಕ್ಸ್ ಬೇಡ, ಅದರಲ್ಲಿ ಹಳೆಯ ಪ್ರಿಂಟರ್‌ಗೆ ಬೇಕಾದ ಪ್ಯಾರಲಲ್ ಪೋರ್ಟ್ ಇಲ್ಲ. ಫಾಕ್ಸ್‌ಪ್ರೊ ತೆರೆದ ಕೂಡಲೇ ಸೊನ್ನೆಯಿಂದ ಭಾಗಿಸಿದ ದೋಷ ತೋರಿಸಿ ಬಿದ್ದುಹೋಯಿತು. ವೇಗದ ಪ್ರೊಸೆಸರ್ ಎದುರು ಆ ಕಾಲದ ಸಮಯದ ಲೆಕ್ಕಾಚಾರ ತಪ್ಪುತ್ತದೆ. ಡಾಸ್‌ಬಾಕ್ಸ್-ಎಕ್ಸ್‌ನ ವೇಗ ನಿರ್ಧರಿಸುವ ಸೈಕಲ್ಸ್ ಮಿತಿಯನ್ನು ಇಪ್ಪತ್ತು ಸಾವಿರದ ಹತ್ತಿರಕ್ಕೆ ಇಳಿಸಿದೆ, ಅಷ್ಟೇ.

ಆದರೆ ವಿದ್ಯುತ್ ಹೋದಾಗ ನಿಜವಾದ ಕಾಟ ಶುರುವಾಯಿತು. ಯುಪಿಎಸ್ ಬ್ಯಾಟರಿ ಸತ್ತಿತ್ತು, ಮಧ್ಯಾಹ್ನದ ತೂಕದ ಹೊತ್ತಿನಲ್ಲಿ ಯಂತ್ರ ಆರಿತು. ಮತ್ತೆ ಹಚ್ಚಿದರೆ ಮುಖ್ಯ ಖಾತೆಯ ಕಡತವನ್ನು ‘ಇದು ಡೇಟಾಬೇಸ್ ಕಡತವೇ ಅಲ್ಲ’ ಎಂದು ಫಾಕ್ಸ್‌ಪ್ರೊ ತಳ್ಳಿಹಾಕಿತು. ಇದಕ್ಕೆ ದುರಸ್ತಿ ತಂತ್ರಾಂಶ ಮಾರುವವರು ಸಾವಿರಗಟ್ಟಲೆ ಕೇಳುತ್ತಾರೆ. ಕೊಡಬೇಡಿ. ಮೊದಲು ಕಡತದ ಪ್ರತಿ ತೆಗೆದಿಡಿ, ಪ್ರತಿಯನ್ನು ಹೆಕ್ಸ್ ಎಡಿಟರ್‌ನಲ್ಲಿ (ಕಡತದ ಬೈಟ್‌ಗಳನ್ನು ನೇರವಾಗಿ ತೋರಿಸಿ ತಿದ್ದಿಸುವ ತಂತ್ರಾಂಶ) ತೆರೆಯಿರಿ. ಸೊನ್ನೆಯಿಂದ ಎಣಿಸಿದರೆ 4ರಿಂದ 7ನೇ ಬೈಟ್‌ವರೆಗೆ ದಾಖಲೆಗಳ ಸಂಖ್ಯೆ, 8-9ರಲ್ಲಿ ಹೆಡರ್ (ಕಡತದ ಆರಂಭದ ವಿವರಭಾಗ) ಉದ್ದ, 10-11ರಲ್ಲಿ ಒಂದು ದಾಖಲೆಯ ಉದ್ದ ಇರುತ್ತದೆ. ವಿದ್ಯುತ್ ಹೋಗುವ ಮೊದಲು ಹೆಡರ್‌ನಲ್ಲಿ ಸಂಖ್ಯೆ ಏರಿರುತ್ತದೆ, ದಾಖಲೆ ಮಾತ್ರ ಡಿಸ್ಕ್‌ಗೆ ಬಂದಿರುವುದಿಲ್ಲ. ಹಾಗಾಗಿ ಎರಡಕ್ಕೂ ತಾಳೆಯಾಗುವುದಿಲ್ಲ. ಉದಾಹರಣೆಗೆ 705 ಬೈಟ್ ಹೆಡರ್, 138 ಬೈಟ್ ದಾಖಲೆ, ಕಡತದ ಗಾತ್ರ 56,87,962 ಎಂದುಕೊಳ್ಳಿ. ಹೆಡರ್ ಕಳೆದು 138ರಿಂದ ಭಾಗಿಸಿದರೆ 41,212 ದಾಖಲೆ ಬಂದು ಒಂದು ಬೈಟ್ ಉಳಿಯುತ್ತದೆ. ಉಳಿದದ್ದು ಕಡತ ಮುಗಿಯಿತೆಂದು ಹೇಳುವ ಕೊನೆಯ 1ಎ ಗುರುತು. 41,212 ಅಂದರೆ ಹೆಕ್ಸ್‌ನಲ್ಲಿ ಎ0ಎಫ್‌ಸಿ. ಅದನ್ನು 4ರಿಂದ 7ನೇ ಬೈಟ್‌ಗಳಲ್ಲಿ ತಿರುಗುಮುರುಗಾಗಿ ಎಫ್‌ಸಿ, ಎ0, 00, 00 ಎಂದು ತುಂಬಿ, ಉಳಿಸಿ, ಫಾಕ್ಸ್‌ಪ್ರೊದಲ್ಲಿ ತೆರೆದು ರೀಇಂಡೆಕ್ಸ್ (ಸೂಚಿಯನ್ನು ಮತ್ತೆ ಕಟ್ಟುವ ಆದೇಶ) ಕೊಡಿ. ನಾಲ್ಕು ಬೈಟ್‌ನ ಕೆಲಸ. ಬಾಕಿ ಒಂದಕ್ಕಿಂತ ಹೆಚ್ಚು ಉಳಿದರೆ ಕೊನೆಯ ದಾಖಲೆ ಅರ್ಧ ಮಾತ್ರ ಬರೆಯಲಾಗಿದೆ ಎಂದರ್ಥ, ಅದನ್ನು ಕತ್ತರಿಸಿ. ಈಗ ಇದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಇದೆ, ಗುಮಾಸ್ತರೇ ಓಡಿಸುತ್ತಾರೆ. ಹೊಸ ಬ್ಯಾಟರಿಯನ್ನೂ ಹಾಕಿಸಿದೆ.

ನಡುವೆ ಒಂದು ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಕೂರಿಸಿ ಡೆಬಿಯನ್ ಲಿನಕ್ಸ್ ಹಾಕಿ ನೋಡಿದೆ. ಡಾಸ್‌ಬಾಕ್ಸ್-ಎಕ್ಸ್ ಅಲ್ಲಿಯೂ ಸೊಗಸಾಗಿಯೇ ಓಡಿತು. ಆದರೆ ಆಡಿಟರ್ ಕೊಟ್ಟ ತೆರಿಗೆಯ ತಂತ್ರಾಂಶ ವಿಂಡೋಸ್ ಬಿಟ್ಟು ಕದಲುವುದಿಲ್ಲ. ಆ ಎಸ್‌ಎಸ್‌ಡಿ ಈಗ ನನ್ನ ಮನೆಯ ಯಂತ್ರದಲ್ಲಿದೆ.

ಇನ್ನು ಕನ್ನಡ. ಮೂಲ ಪ್ರೋಗ್ರಾಂನಲ್ಲಿ ಹೆಸರುಗಳು ಇಂಗ್ಲಿಷ್‌ನಲ್ಲಿದ್ದವು. ರೈತರ ಹೆಸರು, ಊರಿನ ಯಾದಿಯನ್ನು ಯಾರೋ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೇರೆಯಾಗಿ ಟೈಪ್ ಮಾಡಿಟ್ಟಿದ್ದರು. ಅದನ್ನು ಯೂನಿಕೋಡ್‌ಗೆ ತಂದರೆ ‘ಚಿತ್ರದುರ್ಗ’ ಹೋಗಿ ‘ಚಿತ್ರದುಗರ್’ ಆಯಿತು. ನುಡಿಯಲ್ಲಿ ಅರ್ಕಾವತ್ತು ಗಕಾರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರೇಫ ಮೊದಲು ಬರಬೇಕು. ಒಂದೇ ವ್ಯಂಜನ ಹಿಂದಕ್ಕೆ ಹಾರಿಸಿದರೆ ಸಾಲದು, ಒತ್ತಕ್ಷರವಿದ್ದರೆ ಇಡೀ ಗುಂಪನ್ನೇ ದಾಟಬೇಕು. ಅಂತರ್ಜಾಲದಲ್ಲಿ ಸಿಗುವ ಕೆಲವು ಪರಿವರ್ತಕಗಳು ಇಲ್ಲೇ ಎಡವುತ್ತವೆ.

ಮುದ್ರಣ ಅದಕ್ಕಿಂತ ಕಠಿಣವಾಗಿತ್ತು. ಒಂಬತ್ತು ಪಿನ್‌ನ ಡಾಟ್ ಮ್ಯಾಟ್ರಿಕ್ಸ್ ಬಿಟ್ಟು ಲೇಸರ್ ತರಲು ಸಾಹುಕಾರರು ಒಪ್ಪಲಿಲ್ಲ, ಕಾರ್ಬನ್ ಪ್ರತಿ ಬೇಕೇ ಬೇಕು. ವಿಂಡೋಸ್ ಡ್ರೈವರ್ ಮೂಲಕ ಇಡೀ ಪಟ್ಟಿಯನ್ನು ಚಿತ್ರವಾಗಿ ಕಳಿಸಿದರೆ ಒಂದೊಂದಕ್ಕೆ ಒಂದು ನಿಮಿಷ ಮೀರಿತು, ಹೊರಗೆ ಲಾರಿಯವರು ಕೂಗಾಡುತ್ತಿದ್ದರು. ಹಾಗಾಗಿ ಅಂಕಿಗಳನ್ನು ಪ್ರಿಂಟರ್‌ನ ಸ್ವಂತ ಅಕ್ಷರಕ್ಕೇ ಬಿಟ್ಟೆ, ಹೆಸರು ಮತ್ತು ಊರನ್ನು ಮಾತ್ರ ಎಸ್ಕೇಪ್-ನಕ್ಷತ್ರ ಆದೇಶದಿಂದ ಚಿತ್ರವಾಗಿ ಬರೆಸಿದೆ. ಪ್ರಿಂಟರ್ ಹೆಡ್‌ನ ಒಂದು ಓಟಕ್ಕೆ ಎಂಟು ಚುಕ್ಕೆ ಎತ್ತರ. ಒತ್ತು ಓದಲು ಇಪ್ಪತ್ನಾಲ್ಕು ಬೇಕು, ಅಂದರೆ ಮೂರು ಓಟ. ಓಟಗಳ ನಡುವೆ ಬಿಳಿ ಗೆರೆ ಬೀಳದಂತೆ ಸಾಲಿನ ಅಂತರ 24/216 ಅಂಗುಲ ಇಡಿ. ಈಗ ಪಟ್ಟಿ ಹತ್ತು-ಹನ್ನೆರಡು ಸೆಕೆಂಡಿಗೆ ಹೊರಬೀಳುತ್ತದೆ.

ಹೀಗಿದ್ದರೂ ಕೆಲವು ಹೆಸರುಗಳು ಅರ್ಧಕ್ಕೇ ನಿಲ್ಲುತ್ತಿದ್ದವು, ಅದೂ ಯಾವಾಗಲೂ ಅದೇ ಹೆಸರುಗಳು. ಕೇಬಲ್ ಬದಲಿಸಿದೆ, ರಿಬ್ಬನ್ ಬದಲಿಸಿದೆ, ಪ್ರಿಂಟರ್ ಹೆಡ್ ಬಿಚ್ಚಿ ಒರೆಸಿದೆ, ಎರಡು ಸಾವಿರ ಹೋಯಿತು. ಚಿತ್ರದ ಚುಕ್ಕೆಗಳಲ್ಲಿ ಎಲ್ಲಿಯಾದರೂ 1ಎ ಬೈಟ್ ಬಂದರೆ, ಅದನ್ನು ಪ್ರಿಂಟರ್‌ಗೆ ಕಳಿಸುವ ಕಾಪಿ ಆದೇಶ ಕಡತ ಮುಗಿಯಿತೆಂದು ನಿಂತುಬಿಡುತ್ತಿತ್ತು. ಕಾಪಿ ಮುಂದೆ ಸ್ಲ್ಯಾಶ್ ಬಿ ಸೇರಿಸಿದ ಮೇಲೆ ಸರಿಯಾಯಿತು.

ಇಪ್ಪತ್ನಾಲ್ಕು ಚುಕ್ಕೆಯಲ್ಲಿ ‘ಕ್ಷ್ಮ’ ಓದಲು ಬರುವ ಹಾಗೆ ನಾನೇ ಕೂತು ತಿದ್ದಿದ ಅಕ್ಷರಗಳಿವೆ. ಅವನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ಕೇಳಬೇಡಿ. ಚಳ್ಳಕೆರೆಯ ಒಬ್ಬ ಶೇಂಗಾ ವ್ಯಾಪಾರಿಗೆ ಅವುಗಳನ್ನೇ ತೋರಿಸಿ ಹದಿನೈದು ಸಾವಿರ ಮುಂಗಡ ಪಡೆದಿದ್ದೇನೆ. ಅವರ ಅಂಗಡಿಯಲ್ಲಿ ಎರಡು ಕೌಂಟರ್‌ಗಳಿಂದ ಒಂದೇ ಕಡತವನ್ನು ತೆರೆಯಬೇಕು. ಡಾಸ್‌ಬಾಕ್ಸ್-ಎಕ್ಸ್‌ನ ಕಡತ ಬೀಗ (ಇಬ್ಬರೂ ಒಟ್ಟಿಗೆ ಬರೆದು ಕೆಡಿಸದಂತೆ ತಡೆಯುವ ವ್ಯವಸ್ಥೆ) ಒಂದೇ ಯಂತ್ರದಲ್ಲಿ ಎರಡು ಕಿಟಕಿ ತೆರೆದು ನೋಡಿದಾಗ ಗಟ್ಟಿಯಾಗಿ ನಿಂತಿತು, ನೆಟ್‌ವರ್ಕ್ ಮೇಲೆ ಇನ್ನೂ ಪರೀಕ್ಷಿಸಬೇಕು.