ಉಪ್ಪಳ ಹೊಳೆಯ ತೋಡಿನಲ್ಲಿ ನಾವು ಮಾಡಿದ ಕೆಲಸ

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯ ಆಧಾರದಲ್ಲಿ ದೇಶದ 351 ನದೀಭಾಗಗಳನ್ನು ಶುದ್ಧಗೊಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯಗಳಿಗೆ ಆದೇಶಿಸಿತು. ಅದರಲ್ಲಿ ಕೇರಳದ ಪಾಲು 21. ಕಾಸರಗೋಡಿನ ಉಪ್ಪಳ ಮತ್ತು ಮೊಗ್ರಾಲ್ ಹೊಳೆಗಳೂ ಅದರಲ್ಲಿದ್ದವು. ನಾನು ಗ್ರಾಮ ಪಂಚಾಯತ್ ಸದಸ್ಯೆಯಾದ ಮೇಲೆ ಸಭೆಯೊಂದರಲ್ಲಿ ಈ ಮಾತು ಬಂದಾಗ ಹಿರಿಯ ಸದಸ್ಯರೊಬ್ಬರು ಸಿಟ್ಟಿನಿಂದಲೇ, "ತಳದ ಮರಳು ಕಾಣುವ ನೀರು ಕಲುಷಿತ ಹೇಗಾಗುತ್ತದೆ?" ಎಂದು ಕೇಳಿದರು.

ಪ್ರಶ್ನೆ ಸಹಜವೇ. ಪಟ್ಟಿ ಮಾಡುವಾಗ ನೀರಿನ ತಿಳಿಯನ್ನು ನೋಡುವುದಿಲ್ಲ, ಬಿಒಡಿ ನೋಡುತ್ತಾರೆ. ನೀರಿನಲ್ಲಿ ಸೇರಿದ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಲೆಕ್ಕ ಅದು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ನಮ್ಮ ಹೊಳೆಗಳು ಐದನೆಯ ದರ್ಜೆಯಲ್ಲಿದ್ದವು, ಅಂದರೆ 3ರಿಂದ 6ರ ನಡುವೆ. ಐದು ದರ್ಜೆಗಳಲ್ಲಿ ಅದೇ ಹಗುರವಾದದ್ದು. ಹಾಗಾಗಿ ದೊಡ್ಡ ಘಟಕ, ಕೋಟಿಗಟ್ಟಲೆ ಹಣ ಎಂದು ಕಾಯುವ ಬದಲು ಹೊಳೆಗೆ ಸೇರುವ ಸಣ್ಣ ಹಳ್ಳದಿಂದ, ಅಂದರೆ ನಮ್ಮ ವಾರ್ಡಿನ ತೋಡಿನಿಂದ ಶುರು ಮಾಡಬಹುದು ಎಂದು ನನಗೆ ಅನಿಸಿತು. ಹೊಳೆ ಹುಟ್ಟುವುದು ಬಂಟ್ವಾಳ ತಾಲೂಕಿನ ವೀರಕಂಬದ ಗುಡ್ಡದಲ್ಲಿ. ಅತ್ತ ಕಡೆ ನಮ್ಮ ಪಂಚಾಯತ್ ಕೈ ಹಾಕುವಂತಿಲ್ಲ, ಆದರೆ ತೋಡು ನಮ್ಮದೇ.

ಕೇರಳ ಸರಕಾರದ ಹರಿತ ಕೇರಳಂ ಮಿಷನ್‌ನ 'ಇನಿ ಞಾನ್ ಒಳುಕಟ್ಟೆ' (ಇನ್ನು ನಾನು ಹರಿಯಲಿ) ಅಭಿಯಾನ ಇಂತಹ ತೋಡುಗಳಿಗೆಂದೇ ಇರುವುದು. ನಮಗೆ ಅದರಿಂದ ಸಿಕ್ಕಿದ್ದು ಹೆಸರು ಮತ್ತು ಮಾರ್ಗದರ್ಶನ. ಹಣ ಬಂದದ್ದು ಉದ್ಯೋಗ ಖಾತರಿಯಿಂದ, ಸ್ವಲ್ಪ ಪಂಚಾಯತ್‌ನ ಯೋಜನಾ ನಿಧಿಯಿಂದ. ಕಡತವೆಲ್ಲ ಮಲಯಾಳದಲ್ಲಿ. ಮನೆಗಳಿಗೆ ಕೊಡುವ ಸೂಚನೆ ಮಾತ್ರ ಕನ್ನಡದಲ್ಲೂ ಇರಲೇಬೇಕೆಂದು ಹಟ ಹಿಡಿದು ಮುದ್ರಿಸಿದೆವು.

ಕೆಲಸಕ್ಕೆ ಮೊದಲು ತೋಡಿನ ಉದ್ದಕ್ಕೂ ನಡೆದೆವು. ಓವರ್ಸಿಯರ್, ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್, ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಇಬ್ಬರು ಅಕ್ಕಂದಿರು, ನಾನು. ನೀರಿಗೆ ಬೀಳುವ ಪೈಪು ಕಂಡಲ್ಲೆಲ್ಲ ಎದುರಿನ ಕಲ್ಲಿನ ಮೇಲೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆದೆವು. ಮನೆಯವರ ಹೆಸರು ಬರೆಯಲಿಲ್ಲ. ಹೆಸರು ಬರೆದರೆ ಜಗಳ, ಸಂಖ್ಯೆ ಬರೆದರೆ ಕುತೂಹಲ. ಮರುದಿನವೇ ಕೆಲವರು ಫೋನ್ ಮಾಡಿ, "ಮೆಂಬರೇ, ನಮ್ಮದು ಎಷ್ಟನೆಯ ನಂಬರು?" ಎಂದು ಕೇಳಿದರು.

ಹೆಚ್ಚಿನವು ಅಡುಗೆಮನೆಯ ಪೈಪುಗಳು. ಒಂದು ಮನೆಯ ಉಮ್ಮ ನಗುತ್ತಲೇ ವಾದಿಸಿದರು: "ಇದರಲ್ಲಿ ಗಂಜಿತಿಳಿ ಬಿಟ್ಟರೆ ಏನಿದೆ ಮಗಳೇ? ಮೀನಾದರೂ ಕುಡಿಯಲಿ." ಮೀನಿಗೆ ಬೇಕಾದ ಆಮ್ಲಜನಕವನ್ನು ಆ ಗಂಜಿತಿಳಿಯೇ ತಿನ್ನುತ್ತದೆ ಎಂದು ಬಾಯಲ್ಲಿ ಹೇಳಿದರೆ ಅವರು ಒಪ್ಪಲಿಲ್ಲ. ಪೈಪಿನ ಬಾಯಿಯ ಕೆಳಗಿನ ಕಲ್ಲನ್ನು ಮಗುಚಿ ತೋರಿಸಿದೆ. ಅಡಿಯಲ್ಲಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಹತ್ತು ಹೆಜ್ಜೆ ಮೇಲಿನ ಇನ್ನೊಂದು ಕಲ್ಲು ಮಗುಚಿದರೆ ಏಡಿ ಮರಿ ಓಡಿತು. ತೋಡಿಗೆ ಬಿಡುವ ಬದಲು ನೀರನ್ನು ನೆಲಕ್ಕಿಳಿಸುವ ಇಂಗುಗುಂಡಿಗೆ ಮೊದಲ ಅರ್ಜಿ ಆ ಉಮ್ಮನದೇ.

ನಮ್ಮ ಕಡೆ ಇಂಗುಗುಂಡಿ ಸುಲಭದ ಕೆಲಸವಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಬಿರುಕು, ಪೊಳ್ಳು ಹೆಚ್ಚು; ಗುಂಡಿಗೆ ಬಿಟ್ಟ ನೀರು ಸೋಸದೆ ನೇರವಾಗಿ ಬಾವಿ ಸೇರಬಹುದು. ಕಟ್ಟಡ ನಿಯಮದ ಪ್ರಕಾರ ಬಾವಿಯಿಂದ 7.5 ಮೀಟರ್ ಅಂತರ ಬೇಕು. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಶೌಚಗುಂಡಿ ಎಲ್ಲ ಇರುವವರಿಗೆ ಆ ಅಂತರ ಎಲ್ಲಿಂದ ತರುವುದು? ಅಂತಹ ಮನೆಗಳ ಅಡುಗೆ ನೀರನ್ನು ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ದಾಟಿಸಿ ಬಾಳೆಯ ಬುಡಕ್ಕೆ ತಿರುಗಿಸಿದೆವು. ಶೌಚಗುಂಡಿಯನ್ನೇ ತೋಡಿಗೆ ಬಿಟ್ಟವರಲ್ಲಿ ಮಾತ್ರ ನಯ ಮಾಡಲಿಲ್ಲ, ಪಂಚಾಯತ್ ಕಾರ್ಯದರ್ಶಿಯ ನೋಟಿಸು ಹೋಯಿತು. ಅದರಿಂದ ನನಗೆ ಕೆಲವು ಮತ ಹೋಗಿದ್ದರೂ ಇರಬಹುದು.

ಸೇತುವೆಯಿಂದ ರಾತ್ರಿ ಕೋಳಿ ತ್ಯಾಜ್ಯ ಎಸೆಯುವವರ ಕಾಟ ಬೇರೆ. ಬಲೆ ಕಟ್ಟಿದೆವು, ಕ್ಯಾಮೆರಾ ಹಾಕಿಸಿದೆವು, ಕಡಿಮೆಯಾಯಿತು.

ಹೂಳು ತೆಗೆಯುವ ಹಂತದಲ್ಲಿ ಎಲ್ಲರ ಬಾಯಲ್ಲೂ ಜೆಸಿಬಿ. ಉದ್ಯೋಗ ಖಾತರಿಯಲ್ಲಿ ಕೂಲಿಯವರ ಕೆಲಸ ಕಸಿಯುವ ಯಂತ್ರಕ್ಕೂ ಗುತ್ತಿಗೆದಾರರಿಗೂ ಜಾಗವಿರಲಿಲ್ಲ ಎಂಬುದು ಆ ಹೊತ್ತಿನಲ್ಲಿ ನನಗೆ ವರವಾಯಿತು. ಆದರೆ ಮನುಷ್ಯರ ಕತ್ತಿಯೂ ಜೆಸಿಬಿಯಷ್ಟೇ ಹಾಳು ಮಾಡಬಲ್ಲದು. ಅಂದಾಜುಪಟ್ಟಿಯಲ್ಲಿ 'ಕಾಡು ಕಡಿಯುವುದು' ಎಂದಿದ್ದರೆ ದಡದ ಕೇದಗೆ ಪೊದೆಯೂ ಹೋಗುತ್ತದೆ. ದಡದ ಮಣ್ಣನ್ನು ಹಿಡಿದಿಟ್ಟಿರುವುದೇ ಆ ಬೇರುಗಳು. ಮಳೆಗಾಲದಲ್ಲಿ ದಡ ಕುಸಿದರೆ ತೆಗೆದ ಹೂಳು ಮತ್ತೆ ತೋಡಿನಲ್ಲೇ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಉಳಿಸಬೇಕಾದ ಪೊದೆಗಳಿಗೆ ಹಳೆ ಸೀರೆಯ ಚೂರು ಕಟ್ಟಿದೆವು. ದಡ ಬೋಳಾಗಿದ್ದ ಕಡೆ ತೆಂಗಿನ ನಾರಿನ ಭೂವಸ್ತ್ರ, ಅಂದರೆ ಮಣ್ಣು ಹಿಡಿದಿಡುವ ನೇಯ್ದ ಹಾಸು, ಹಾಸಿದೆವು. ಮುರಕಲ್ಲಿಗೆ ಬಿದಿರಿನ ಗೂಟ ಇಳಿಯುವುದಿಲ್ಲ, ತಲೆ ಸೀಳುತ್ತದೆ. ಕಬ್ಬಿಣದ ಸರಳಿನಿಂದ ತೂತು ಮಾಡಿ ಆಮೇಲೆ ಗೂಟ ಹೊಡೆದು, ನಾರಿನ ಸಂದಿಗೆ ಲಾವಂಚ ಮತ್ತು ಹುಲ್ಲು ನೆಟ್ಟೆವು. ಎರಡು ಮೂರು ಮಳೆಗಾಲದಲ್ಲಿ ನಾರು ಕೊಳೆಯುವಷ್ಟರಲ್ಲಿ ಬೇರು ಹಿಡಿದಿರಬೇಕು.

ತೋಡಿಗೆ ಇಳಿದವರಲ್ಲಿ ಬಹುಪಾಲು ಮಹಿಳೆಯರು. 2024-25ರಲ್ಲಿ ಕೇರಳದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 346 ರೂಪಾಯಿ ಇತ್ತು. ಅಷ್ಟಕ್ಕೆ ಕೊಳಚೆಗೆ ಇಳಿಯುವವರಿಗೆ ಗಂಬೂಟು, ಕೈಗವಸು ಕೊಡದಿದ್ದರೆ ಅದು ಅನ್ಯಾಯ. ಇಲಿಜ್ವರದ ಭಯಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ತರಿಸಿದೆವು. ಹೊಟ್ಟೆ ತುಂಬಿದ ಮೇಲೆಯೇ ನುಂಗಬೇಕು, ಹಾಗಾಗಿ ಬೆಳಗ್ಗಿನ ತಿಂಡಿಯ ನಂತರ ಕೆಲಸದ ಉಸ್ತುವಾರಿ ನೋಡುವ ಮೇಟ್ ಎದುರೇ ಕೊಡುತ್ತಿದ್ದರು. 2024ರ ಜುಲೈಯಲ್ಲಿ ತಿರುವನಂತಪುರದ ಆಮಯಿಳಂಜಾನ್ ತೋಡಿನಲ್ಲಿ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋಗಿ ತೀರಿಕೊಂಡ ಮೇಲೆ, ಮೋರಿಯೊಳಗೆ ಯಾರೂ ಹೋಗಕೂಡದು ಎಂದು ನಿಲ್ಲಿಸಿದೆ.

ನೀರಿನ ಪರೀಕ್ಷೆಯ ವಿಷಯದಲ್ಲಿ ನನ್ನ ದೂರು ಇನ್ನೂ ಇದೆ. ಒಂದು ಕಚೇರಿಯವರು ಜಡಿಮಳೆಯ ಮರುದಿನ ಮಾದರಿ ತೆಗೆದು 'ಉತ್ತಮ' ಎಂದು ಬರೆದರು. ಮಳೆನೀರು ಬೆರೆತರೆ ಕೊಳೆಯೂ ತೆಳುವಾಗುತ್ತದೆ. ಏಪ್ರಿಲ್‌ನಲ್ಲಿ, ಹರಿವು ಸಣ್ಣದಾದಾಗ ಬಂದು ನೋಡಬೇಕು.

ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಲು ತೋಡಿಗೆ ತಡೆಗಟ್ಟ (ತಾತ್ಕಾಲಿಕ ಒಡ್ಡು) ಹಾಕುವುದು ಇಲ್ಲಿನ ಹಳೆಯ ಪದ್ಧತಿ. ನಮ್ಮ ಜಿಲ್ಲೆಯದೇ ಹಳ್ಳಿಯಾದ ಏತಡ್ಕದವರು ಸಾಲುಸಾಲಾಗಿ ಕಟ್ಟ ಕಟ್ಟಿ ಹೆಸರು ಮಾಡಿದ್ದಾರೆ. ಈಚೆಗೆ ಎಲ್ಲೆಡೆ ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ ಕಟ್ಟುತ್ತಾರೆ. ಮೊದಲ ನೆರೆಗೆ ಚೀಲಗಳು ಹರಿದು, ಎಳೆ ಎಳೆಯಾಗಿ ಹೊಳೆ ಸೇರುತ್ತವೆ. ಒಂದು ಯೋಜನೆ ಹೆಕ್ಕಿದ ಪ್ಲಾಸ್ಟಿಕ್ಕನ್ನು ಇನ್ನೊಂದು ಯೋಜನೆ ನೀರಿಗೆ ಬಿಟ್ಟಂತಾಯಿತು. ಮೇ ಕೊನೆಯೊಳಗೆ ಕಟ್ಟ ಬಿಚ್ಚಿ ಚೀಲಗಳನ್ನು ಎಣಿಸಿ ಹರಿತ ಕರ್ಮ ಸೇನೆಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಕೊನೆಯ ಬಿಲ್ಲು ಪಾಸಾಗಬಾರದು ಎಂದು ನಿರ್ಣಯ ಬರೆಸಿದೆ. ಓವರ್ಸಿಯರಿಗೆ ಇದು ಇಷ್ಟವಾಗಲಿಲ್ಲ, ಆದರೆ ಚೀಲಗಳು ಬಂದವು.