ಹಳೆಯ ಉಕ್ಕಿನ ಶಾಫ್ಟ್‌ನ ಗಾಲ್ಫ್ ಕ್ಲಬ್‌ಗಳು: ಗುರುತಿಸುವ, ಕಾಪಾಡುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆಯ ಹಳೆಯ ಕಾಫಿ ತೋಟದ ಬಂಗಲೆಯಲ್ಲಿ ಗಾಲ್ಫ್ ಚೀಲವೊಂದು ಕಣ್ಣಿಗೆ ಬಿದ್ದರೆ, ಅದರೊಳಗಿನ ಕಂದು ಬಣ್ಣದ ಕ್ಲಬ್‌ಗಳೆಲ್ಲ (ಚೆಂಡು ಹೊಡೆಯುವ ಕೋಲುಗಳು) ಮರದವೇ ಎಂದು ತೀರ್ಮಾನಿಸಬಾರದು. ಹಿಕರಿ ಮರದ ಶಾಫ್ಟ್‌ಗೆ, ಅಂದರೆ ಕ್ಲಬ್‌ನ ಉದ್ದನೆಯ ದಂಡಕ್ಕೆ, ಒಗ್ಗಿಹೋಗಿದ್ದ ಆಟಗಾರರನ್ನು ಒಲಿಸಲು ತಯಾರಕರು ಉಕ್ಕಿನ ಕೊಳವೆಗೆ ಮರದ ಬಣ್ಣದ ಸೆಲ್ಯುಲಾಯ್ಡ್ (ಹಳೆಯ ಬಗೆಯ ಪ್ಲಾಸ್ಟಿಕ್) ಹೊದಿಕೆ ತೊಡಿಸಿ ಮಾರುತ್ತಿದ್ದರು. ಪರೀಕ್ಷೆಗೆ ಸಣ್ಣ ಅಯಸ್ಕಾಂತವೊಂದು ಸಾಕು. ಹೊದಿಕೆಯ ಮೇಲಿಟ್ಟಾಗ ಅದು ಕಚ್ಚಿಕೊಂಡರೆ ಒಳಗಿರುವುದು ಉಕ್ಕು.

ಕಾಲನಿರ್ಣಯಕ್ಕೆ ನಿಯಮಗಳ ಇತಿಹಾಸ ನೆರವಾಗುತ್ತದೆ. ಆರ್ಥರ್ ನೈಟ್ ಉಕ್ಕಿನ ಕೊಳವೆಯ ಶಾಫ್ಟ್‌ಗೆ ಪೇಟೆಂಟ್ ಪಡೆದದ್ದು 1910ರಲ್ಲಾದರೂ, ಅಮೆರಿಕದ ಗಾಲ್ಫ್ ಸಂಸ್ಥೆ ಅದಕ್ಕೆ ಒಪ್ಪಿದ್ದು 1924ರಲ್ಲಿ, ಬ್ರಿಟನ್ನಿನಲ್ಲಿ ಆಟದ ನಿಯಮ ರೂಪಿಸುತ್ತಿದ್ದ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಶಿಯಂಟ್ ಕ್ಲಬ್ ಎಂಬ ಸಂಸ್ಥೆ ಒಪ್ಪಿದ್ದು 1929ರಲ್ಲಿ. ಬ್ರಿಟಿಷ್ ತೋಟಗಾರರು ತಮ್ಮ ನಾಡಿನಿಂದ ತಂದ ಉಕ್ಕಿನ ಕ್ಲಬ್‌ಗಳು ಬಹುಪಾಲು 1929ರ ನಂತರದವೇ ಆಗಿರುವ ಸಾಧ್ಯತೆ ಹೆಚ್ಚು; ಅದಕ್ಕೂ ಹಿಂದಿನದೊಂದು ದೊರೆತರೆ ಅದು ನಿಜಕ್ಕೂ ಅಪರೂಪದ್ದು. ಹಿಡಿಕೆಯ ಕೆಳಗಿನ ಪಟ್ಟಿಯಲ್ಲೂ ತಲೆಯ ಹಿಂಬದಿಯಲ್ಲೂ ಇರುವ ಮುದ್ರೆಯನ್ನು ಓರೆ ಬೆಳಕಿನಲ್ಲಿ ಓದಬೇಕು. ಕ್ಲಬ್‌ನ ಬಗೆ ತಿಳಿಸುವ ಅಂಕಿಯ ಬದಲು ಮ್ಯಾಶಿ, ನಿಬ್ಲಿಕ್ ಎಂಬ ಹೆಸರಿದ್ದರೆ ಅದೂ ಹಳೆಯ ಕಾಲದ ಸುಳಿವು, ಆದರೆ ಅದೊಂದನ್ನೇ ನಂಬಿ ಹಣ ಕೊಡುವುದು ಸಲ್ಲದು.

ಕೊಳ್ಳುವಾಗ ತಲೆ ಮತ್ತು ಶಾಫ್ಟ್ ಸೇರುವ ಕತ್ತನ್ನು ನೋಡಿ, ಅಲ್ಲಿ ಹೊಸ ಅಂಟು ಅಥವಾ ಹೊಸ ದಾರ ಕಂಡರೆ ಶಾಫ್ಟ್ ಬದಲಾಗಿರಬಹುದು.

ಮಲೆನಾಡಿನಲ್ಲಿ ಕಷ್ಟವಾದದ್ದು ಕಾಪಾಡುವ ಕೆಲಸ. ಹೊದಿಕೆ ಬಿರುಕು ಬಿಟ್ಟಲ್ಲಿ ಮಳೆಗಾಲದ ತೇವ ಒಳನುಗ್ಗಿ, ಮೇಲೆ ಏನೂ ಕಾಣದಿದ್ದರೂ ಅಡಿಯಲ್ಲಿ ತುಕ್ಕು ಹರಡುತ್ತದೆ; ಕಂದು ಪದರ ಗುಳ್ಳೆಯಂತೆ ಉಬ್ಬಿದ್ದರೆ ಅದೇ ಅದರ ಗುರುತು. ಹಾಗೆಂದು ಹೊದಿಕೆಯನ್ನು ಕೆರೆದು ಉಕ್ಕನ್ನು ಮರಳು ಕಾಗದದಿಂದ ಉಜ್ಜಿದರೆ ವಸ್ತುವಿನ ಚರಿತ್ರೆಯೇ ಅಳಿಸಿಹೋಗುತ್ತದೆ, ಇದನ್ನು ದಯವಿಟ್ಟು ಮಾಡಬೇಡಿ. ಬರಿಯ ಉಕ್ಕು ಕಾಣುವಲ್ಲಿ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಬಟ್ಟೆಯಿಂದ ತೆಳ್ಳಗೆ ಸವರಿ, ಚರ್ಮದ ಹಿಡಿಕೆಗೆ ಹಿಡಿದ ಬೂಷ್ಟನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಅಡಿಕೆ, ಸೌದೆ ಒಣಗಿಸುವ ಅಭ್ಯಾಸದಲ್ಲಿ ಇವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ; ಸೆಲ್ಯುಲಾಯ್ಡ್ ಬಹು ಬೇಗ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಅದು ಮನೆಗೇ ಅಪಾಯ. ಗೋಡೆಗೆ ತಾಗದ ಮರದ ಚೌಕಟ್ಟಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಇರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒರೆಸಬೇಕು.

ಕ್ಲಬ್ ಯಾವ ತೋಟದಿಂದ, ಯಾರ ಮೂಲಕ, ಯಾವ ವರ್ಷ ಬಂತೆಂಬುದನ್ನು ಕೊಂಡ ದಿನವೇ ಬರೆದಿಡಿ. ಚೀಟಿಯನ್ನು ಶಾಫ್ಟ್‌ಗೆ ಅಂಟಿಸದೆ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ.